ಅನಮೋಡದ ಮಳೆ, ದೋನಾ ಪಾವ್ಲಾದ ರಾಡಿ

ರಾಮನಗರ ದಾಟುತ್ತಿದ್ದ ಹಾಗೇ ನಮ್ಮ ಬಸ್ಸಿನ ವೈಪರ್ ಕೈಕೊಟ್ಟಿತು. ಸೆಪ್ಟೆಂಬರ್ ಮೊದಲ ವಾರ, ಮಳೆ ಹೊಯ್ಯುತ್ತಲೇ ಇತ್ತು. ಮುಂದೆ ಅನಮೋಡ ಘಾಟು. ಡ್ರೈವರ್ ಒಂಚೂರೂ ಗಾಬರಿಯಾಗಲಿಲ್ಲ. ಇಳಿದು, ಜೇಬಿನಿಂದ ತಂಬಾಕಿನ ಚೀಟಿ ತೆಗೆದು ಗಾಜಿಗೆ ತಿಕ್ಕಿದರು. ನೀರು ಹನಿಹನಿಯಾಗಿ ನಿಲ್ಲದೆ ಜಾರತೊಡಗಿತು. ಅದನ್ನೇ ನಂಬಿ ಘಾಟು ಇಳಿದೆವು. ಮೊಲೇಂ ಬರುವ ತನಕ ನಾನು ಸರಿಯಾಗಿ ಉಸಿರಾಡಲಿಲ್ಲ.

ಗೋವಾಕ್ಕೆ ಹೊರಟಿದ್ದು ಬೀಚ್ ನೋಡೋಕಲ್ಲ. ಅಕ್ಕನ ಮಗಳು ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಏನು ಓದ್ತೀಯಮ್ಮಾ ಅಂದರೆ "ಸಮುದ್ರದ ರಾಡಿ" ಅನ್ನುತ್ತಾಳೆ. ಆ ರಾಡಿ ನೋಡಬೇಕಿತ್ತು.

ಪಣಜಿ ಸ್ಟ್ಯಾಂಡಿನಲ್ಲಿ ಇಳಿದರೆ ಎದುರಿಗೆ ಸಾಲಾಗಿ 'ಕದಂಬ' ಬಸ್ಸುಗಳು. ಹೆಸರು ಓದಿದರೇ ನಮ್ಮವು ಅನ್ನಿಸುತ್ತದೆ, ಅಲ್ವಾ? ಪೇರಲಹಣ್ಣು ಮಾರುತ್ತಿದ್ದ ಅಜ್ಜಿ ನನ್ನ ಚೀಲ ನೋಡಿಯೇ "ಧಾರವಾಡದವ್ರೇನ್ರಿ?" ಅಂದಳು. ಅವಳದು ಗದಗ ಕಡೆ. ಎರಡು ಹಣ್ಣು ಜಾಸ್ತಿ ಹಾಕಿದಳು.

ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಇದೆ, 1966ರಲ್ಲಿ ಶುರುವಾದದ್ದು. ಮರುದಿನ ಅಲ್ಲಿನ ಗೇಟಿನಲ್ಲಿ ಹೆಸರು ಬರೆಸಿ, ಹುಡುಗಿಯ ಹಿಂದೆ ಒಂದು ತಣ್ಣನೆಯ ಕೋಣೆಗೆ ಹೋದೆ. ಉದ್ದುದ್ದಕ್ಕೆ ಸೀಳಿದ ಪಿವಿಸಿ ಪೈಪು, ಅದರೊಳಗೆ ಬೂದಿ ಹಸಿರು ಬಣ್ಣದ ಹೂಳು. ಹಡಗಿನಿಂದ ಭಾರ ಕಟ್ಟಿದ ಕೊಳವೆಯನ್ನು ಇಳಿಸಿ, ಅರಬ್ಬಿ ಸಮುದ್ರದ ತಳದಿಂದ ಕಿತ್ತು ತಂದದ್ದು. ಇದಕ್ಕೆ ಅವರು 'ಕೋರ್' ಅನ್ನುತ್ತಾರೆ. ನಾನು ಬೆರಳು ಚಾಚಿದೆ.

"ಮುಟ್ಟಬ್ಯಾಡ್ರಿ ಮಾಮಾ! ಒಂದ ಸೆಂಟಿಮೀಟರ್ ಅಂದ್ರ ನೂರಾರು ವರ್ಷ ಅದರಾಗ."

ಆಳ ಸಮುದ್ರದಲ್ಲಿ ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹೂಳು ಕೂರುತ್ತದಂತೆ. ಬೆರಳು ವಾಪಸ್ ತಗೊಂಡೆ.

ಹೂಳನ್ನು ತೆಳ್ಳಗೆ ಹೋಳು ಮಾಡಿ, 63 ಮೈಕ್ರಾನಿನ ಜರಡಿಯಲ್ಲಿ ತೊಳೆದರೆ ಉಳಿಯುವುದು ರವೆಯಂಥ ಬಿಳಿ ಪುಡಿ. ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಮೂರು ಸಾಬುದಾಣಿ ಕಾಳು ಒಂದಕ್ಕೊಂದು ಅಂಟಿಕೊಂಡ ಹಾಗಿತ್ತು. ಗ್ಲೋಬಿಜೆರಿನಾಯ್ಡಿಸ್ ರೂಬರ್! ಸಮುದ್ರದ ಮೇಲ್ಪದರದಲ್ಲಿ ತೇಲಿಕೊಂಡು ಬದುಕುವ ಏಕಕೋಶ ಜೀವಿ. ಸತ್ತರೆ ಸುಣ್ಣದ ಚಿಪ್ಪು ತಳ ಸೇರುತ್ತದೆ. ಹುಡುಗಿ ಕೂದಲಿನಷ್ಟು ಸಣ್ಣ ಬ್ರಷ್ ನೀರಿಗೆ ಅದ್ದಿ, ಒಂದೊಂದೇ ಚಿಪ್ಪು ಎತ್ತಿ ಬೇರೆ ಇಡುತ್ತಾಳೆ. ವಯಸ್ಸು ತಿಳಿಯಲು ನೂರಾರು ಚಿಪ್ಪು ಬೇಕು. ಅಕ್ಕ ಮನೆಯಲ್ಲಿ "ಅಕ್ಕಿ ಆರಿಸು ಅಂದ್ರ ಆರಿಸಂಗಿಲ್ಲ" ಅಂತ ಬೈಯುವುದು ನೆನಪಾಯಿತು.

ವಯಸ್ಸಿನ ಲೆಕ್ಕ ಕಾರ್ಬನ್ 14ರದ್ದು, ಅಂದರೆ ತಾನಾಗೇ ಕರಗುತ್ತಾ ಹೋಗುವ ವಿಕಿರಣಶೀಲ ಕಾರ್ಬನ್. ಜೀವಿ ಸತ್ತ ಮೇಲೆ ಅದು ಪ್ರತಿ 5,730 ವರ್ಷಕ್ಕೆ ಅರ್ಧ ಆಗುತ್ತಾ ಹೋಗುತ್ತದೆ. ಸುಮಾರು 50,000 ವರ್ಷದ ಆಚೆಗೆ ಅಳೆಯುವಷ್ಟು ಉಳಿಯುವುದಿಲ್ಲ. ಆ ಕಾಲದ ಮಳೆಯ ಕಥೆ ಹೇಳುವುದು ಚಿಪ್ಪಿನೊಳಗಿನ ಆಕ್ಸಿಜನ್. ನೀರಿನಲ್ಲಿ ಹಗುರದ್ದೂ ಇರುತ್ತದೆ, ಭಾರದ್ದೂ ಇರುತ್ತದೆ. ಆವಿಯಾಗುವಾಗ ಹಗುರದ ಆಕ್ಸಿಜನ್ 16 ಬೇಗ ಏಳುತ್ತದೆ, ಭಾರದ 18 ಸಮುದ್ರದಲ್ಲೇ ಜಾಸ್ತಿ ಉಳಿಯುತ್ತದೆ. ಹಾಗಾಗಿ ಮಳೆ ನೀರು, ಹೊಳೆ ನೀರು ಹಗುರ. ಘಟ್ಟದಲ್ಲಿ ಮಳೆ ಜೋರಾದರೆ ಹೊಳೆ ತುಂಬಿ, ಕರಾವಳಿ ಕಡೆಯ ಸಮುದ್ರದ ಮೇಲ್ಪದರ ಹಗುರಾಗುತ್ತದೆ. ಆಗ ಕಟ್ಟಿದ ಚಿಪ್ಪಿನಲ್ಲೂ 18 ಕಡಿಮೆ.

"ಹಂಗಾದ್ರ ಮಳಿ ಎಷ್ಟಾತು ಅಂತ ಗೊತ್ತಾತಲ್ಲ?"

"ಅಷ್ಟ ಸಲೀಸಿಲ್ರೀ." ನೀರು ಬಿಸಿಯಾದರೂ ಚಿಪ್ಪಿನಲ್ಲಿ 18 ಕಡಿಮೆ ಆಗುತ್ತದೆ. ಹಿಮಯುಗದಲ್ಲಿ ಹಗುರ ನೀರು ನೆಲದ ಮೇಲೆ ಮಂಜುಗಡ್ಡೆಯಾಗಿ ಕೂತಿದ್ದರಿಂದ ಇಡೀ ಸಮುದ್ರವೇ ಭಾರವಾಗಿತ್ತು. ಸುಮಾರು 21,000 ವರ್ಷದ ಹಿಂದೆ ಸಮುದ್ರ ಈಗಿನದಕ್ಕಿಂತ ಹತ್ತಿರ ಹತ್ತಿರ 120 ಮೀಟರ್ ಕೆಳಗಿತ್ತು. ಗೋವಾದ ಬೀಚು ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕಿತ್ತು! ಬಿಸಿಯ ಲೆಕ್ಕವನ್ನು ಚಿಪ್ಪಿನೊಳಗಿನ ಮೆಗ್ನೀಸಿಯಂ ಅಳೆದು ಕಳೆಯುತ್ತಾರೆ, ಮಂಜಿನದನ್ನೂ ಕಳೆಯುತ್ತಾರೆ. ಉಳಿದದ್ದು ಮಳೆಯ ಪಾಲು. ಹೀಗೆ ಲೆಕ್ಕ ಹಾಕಿಯೇ, ಹಿಮಯುಗ ಗಟ್ಟಿಯಾಗಿದ್ದಾಗ ಮುಂಗಾರು ಬಡವಾಗಿತ್ತು, ಅದು ಮುಗಿದ ಮೇಲೆ, ಸುಮಾರು 10,000 ವರ್ಷದ ಈಚೆ ಜೋರಾಯಿತು ಅನ್ನುತ್ತಾರೆ.

ಮಧ್ಯಾಹ್ನ ಊಟಕ್ಕೆ ಬಂಗುಡೆ ಸಾರು. ಹುಡುಗಿ ನನ್ನ ತಟ್ಟೆ ನೋಡಿ ನಕ್ಕಳು. ಸಮುದ್ರದ ಮೇಲಿನ ನೀರಿನಲ್ಲೂ ಕೆಳಗಿನಿಂದ ಬಂದ, 14 ಕಡಿಮೆ ಇರುವ ಹಳೇ ಕಾರ್ಬನ್ ಬೆರೆತಿರುತ್ತದೆ. 1950ಕ್ಕೂ ಮುಂಚೆ, ಅಣುಬಾಂಬ್ ಪರೀಕ್ಷೆಗಳು ಗಾಳಿ ಕೆಡಿಸುವ ಮೊದಲು ಹಿಡಿದ ಮೀನಾಗಿದ್ದರೆ, ತಾಜಾ ಇದ್ದರೂ ಸುಮಾರು 400 ವರ್ಷ ಹಳೇದು ಅಂತ ತೋರಿಸುತ್ತಿತ್ತಂತೆ. ಚಿಪ್ಪಿನ ವಯಸ್ಸಿನಲ್ಲೂ ಇದನ್ನು ಕಳೆಯಲೇಬೇಕು. ಬಂಗುಡೆ ಮಾತ್ರ ಚೆನ್ನಾಗಿತ್ತು.

ಸಂಜೆ ಮಿರಾಮಾರ್‌ಗೆ ಹೋದೆವು. ಮಾಂಡವಿ, ನಮ್ಮ ಖಾನಾಪುರದ ಕಾಡಿನ ಮಹದಾಯಿ, ಅಲ್ಲಿ ಸಮುದ್ರ ಸೇರುತ್ತಾಳೆ. ನೀರು ಚಹಾದ ಬಣ್ಣ. "ನಿಮ್ಮ ಅನಮೋಡದ ಮಳಿನೂ ಇಲ್ಲೇ ಬರತೈತ್ರಿ ಮಾಮಾ" ಅಂದಳು. ಆ ಕಡೆಯ ಹಳ್ಳಗಳು ದೂಧಸಾಗರದ ಹೊಳೆ ಸೇರಿ ಮಾಂಡವಿಗೇ ಬರುತ್ತವೆ. ನಿನ್ನೆ ಗಾಜಿನ ಮೇಲೆ ಜಾರಿದ ನೀರು ಯಾವ ಸಾಬುದಾಣಿಗೆ ಸೇರುತ್ತದೋ ಅಂತ ಸುಮ್ನೆ ನೋಡುತ್ತಾ ನಿಂತೆ.

ವಾಪಸ್ ಮಾತ್ರ ವಾಸ್ಕೋದಿಂದ ರೈಲು ಹತ್ತಿದೆ. ತಂಬಾಕನ್ನು ಎರಡನೇ ಸಲ ನಂಬುವ ಧೈರ್ಯ ಇರಲಿಲ್ಲ.