ಮೊದಲು ಸದ್ದು ಕೇಳಿದವರು

ಸಿಂಗಪುರದ ಕಟ್ಟಡ ಕಾಮಗಾರಿಗಳಲ್ಲಿ ಸುರಕ್ಷತೆಯ ಮಾತು ಎತ್ತಿದರೆ ಹಳಬರು ಬೇಗನೆ ನಿಕೋಲ್ ಹೈವೇ ದುರಂತಕ್ಕೆ ಬಂದು ನಿಲ್ಲುತ್ತಾರೆ. 2004ರ ಏಪ್ರಿಲ್ 20ರಂದು, ಸರ್ಕಲ್ ಲೈನ್ ಮೆಟ್ರೊಗಾಗಿ ಸುಮಾರು 30 ಮೀಟರ್ ಆಳಕ್ಕೆ ಅಗೆದಿದ್ದ ಗುಂಡಿಯ ಗೋಡೆಗಳು ಕುಸಿದವು. ಪಕ್ಕದ ಹೆದ್ದಾರಿಯ ಒಂದು ಭಾಗವೂ ಜೊತೆಗೆ ಹೋಯಿತು. ನಾಲ್ವರು ಸತ್ತರು. ಅವರಲ್ಲಿ ಒಬ್ಬ ಫೋರ್‌ಮನ್‌ನ ದೇಹ ಕೊನೆಗೂ ಸಿಗಲಿಲ್ಲ.

ತನಿಖೆಯಲ್ಲಿ ವಿನ್ಯಾಸದ ದೊಡ್ಡ ತಪ್ಪುಗಳು ಹೊರಬಿದ್ದವು. ಎರಡು ಗೋಡೆಗಳ ನಡುವೆ ಅಡ್ಡಲಾಗಿ ಕೊಟ್ಟಿದ್ದ ಉಕ್ಕಿನ ತೊಲೆಗಳು ಗೋಡೆಗುಂಟ ಹಾಯುವ ತೊಲೆಗೆ ಸೇರುವ ಜಾಗವೇ, ಹೊರಬೇಕಾದ ಭಾರಕ್ಕೆ ಸಾಲದಂತಿತ್ತು. ಅಲ್ಲಿಯ ಮೆದು ಜೇಡಿಮಣ್ಣಿನ ಲೆಕ್ಕಾಚಾರವೂ ದಾರಿ ತಪ್ಪಿಸಿತ್ತು. ಇಷ್ಟನ್ನು ಎಂಜಿನಿಯರಿಂಗ್ ಓದಿದವರೆಲ್ಲ ಪಾಠವಾಗಿ ಓದುತ್ತಾರೆ. ನನ್ನನ್ನು ಕಾಡುವುದು ಅದರಾಚೆಯ ವಿವರ. ಗೋಡೆ ಅಂದಾಜಿಗಿಂತ ಹೆಚ್ಚು ಬಾಗುತ್ತಿರುವುದನ್ನು ಅಳತೆಯ ಉಪಕರಣಗಳು ಮೊದಲೇ ತೋರಿಸಿದ್ದವು. ಕುಸಿತದ ದಿನ ಬೆಳಿಗ್ಗೆಯೇ ಗುಂಡಿಯೊಳಗಿದ್ದ ಕಾರ್ಮಿಕರಿಗೆ ಉಕ್ಕಿನಿಂದ ದೊಡ್ಡ ಸದ್ದುಗಳು ಕೇಳಿಸಿದ್ದವು. ಬಾಗುತ್ತಿದ್ದ ಜಾಗಗಳಿಗೆ ಕಾಂಕ್ರೀಟ್ ತುಂಬಿ ಬಲಪಡಿಸುವ ಪ್ರಯತ್ನವೂ ನಡೆಯಿತು. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಎಲ್ಲವೂ ನೆಲ ಕಚ್ಚಿತು. ಅಪಾಯ ಬರುತ್ತಿದೆ ಎಂಬ ತಿಳಿವಳಿಕೆ ಆ ಸೈಟಿನಲ್ಲೇ ಇತ್ತು. ಆದರೆ ಕೆಲಸ ನಿಲ್ಲಿಸಿ ಎಲ್ಲರನ್ನೂ ಹೊರಗೆ ಕಳುಹಿಸುವ ನಿರ್ಧಾರವಾಗಿ ಅದು ಸಕಾಲಕ್ಕೆ ಬದಲಾಗಲಿಲ್ಲ.

ಇಲ್ಲಿನ ಒಂದು ಗುತ್ತಿಗೆ ಕಂಪನಿಯ ಸುರಕ್ಷತಾ ವಿಭಾಗದಲ್ಲಿ ಕೆಲಸ ಮಾಡುವ ನನಗೆ, ದಿನವಿಡೀ ಮಾಡುವುದೆಲ್ಲ ಈ ಒಂದು ಅಂತರವನ್ನು ತಗ್ಗಿಸುವ ಕೆಲಸ ಎಂದೇ ಅನಿಸುತ್ತದೆ. ಅಪಾಯವನ್ನು ಮೊದಲು ಕಾಣುವವನು ಕಂಬಿ ಕಟ್ಟುವವನು, ಸೆಂಟ್ರಿಂಗ್ ಮಾಡುವವನು, ಕ್ರೇನಿನ ಕೆಳಗೆ ಹಗ್ಗ ಹಿಡಿದು ನಿಂತವನು. ಅವನು ಕಂಡದ್ದು ತೀರ್ಮಾನ ತೆಗೆದುಕೊಳ್ಳುವವರ ಕಿವಿಗೆ ಎಷ್ಟು ಬೇಗ ಮುಟ್ಟುತ್ತದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಕಾನೂನು ತನ್ನ ಪಾಲಿನದನ್ನು ಚೆನ್ನಾಗಿಯೇ ಮಾಡಿದೆ. ಆ ದುರಂತದ ಬಳಿಕ ಸಿಂಗಪುರ ತನ್ನ ಹಳೆಯ ಕಾರ್ಖಾನೆ ಕಾಯ್ದೆಯನ್ನು ಬದಿಗಿಟ್ಟು, 2006ರಲ್ಲಿ ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯಕ್ಕೆಂದೇ ಹೊಸ ಕಾಯ್ದೆ ತಂದಿತು. ಅಪಘಾತವಾದ ಮೇಲೆ ದಂಡ ಹಾಕುವುದಕ್ಕಿಂತ, ಅಪಾಯವನ್ನು ಸೃಷ್ಟಿಸುವವರೇ ಅದನ್ನು ಮೊದಲೇ ಗುರುತಿಸಿ ತಗ್ಗಿಸಬೇಕು ಎಂಬುದು ಅದರ ತಳಹದಿ. 2004ರಲ್ಲಿ ಲಕ್ಷ ಕೆಲಸಗಾರರಿಗೆ 4.9ರಷ್ಟಿದ್ದ ಸಾವಿನ ಪ್ರಮಾಣ 2023ರಲ್ಲಿ ಒಂದಕ್ಕಿಂತ ಕೆಳಗಿಳಿದು 0.99ಕ್ಕೆ ಬಂತು; ಕೋವಿಡ್‌ನಿಂದ ಕೆಲಸಗಳು ನಿಂತಿದ್ದ 2020 ಬಿಟ್ಟರೆ ಹಾಗಾದದ್ದು ಅದೇ ಮೊದಲು. ಆದರೂ ಆ ವರ್ಷ 36 ಮಂದಿ ಮನೆಗೆ ಮರಳಲಿಲ್ಲ. ಮರುವರ್ಷ ಆ ಸಂಖ್ಯೆ ಮತ್ತೆ 43ಕ್ಕೆ ಏರಿತು.

ನಿಯಮಗಳು ಕೈ ಹಾಕಲಾಗದ ಜಾಗವೆಂದರೆ ಬೆಳಗಿನ ಟೂಲ್‌ಬಾಕ್ಸ್ ಮೀಟಿಂಗ್, ಅಂದರೆ ಅಂದಿನ ಕೆಲಸದ ಅಪಾಯಗಳನ್ನು ವಿವರಿಸುವ ಸಭೆ. ಕೆಲಸ ಶುರುವಾಗುವ ಮುನ್ನ ಎಲ್ಲರೂ ಹೆಲ್ಮೆಟ್ ಧರಿಸಿ ಸಾಲಾಗಿ ನಿಲ್ಲುತ್ತಾರೆ. ತಮಿಳುನಾಡಿನವರು, ಆಂಧ್ರದವರು, ಬಾಂಗ್ಲಾದೇಶದವರು, ಚೀನಾದವರು. ಸೂಪರ್‌ವೈಸರ್ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿ, 'ಎಲ್ಲರಿಗೂ ಅರ್ಥವಾಯಿತೇ?' ಎಂದು ಕೇಳಿದರೆ, ಅರ್ಥವಾಗದವನೂ ಹೌದೆಂದು ತಲೆಯಾಡಿಸುತ್ತಾನೆ. ಸಾಲ ಮಾಡಿ ಸಮುದ್ರ ದಾಟಿ ಬಂದವನು ಹತ್ತಾರು ಜನರ ಎದುರು ತನಗೆ ತಿಳಿಯಲಿಲ್ಲ ಎನ್ನಲಾರ. ಹಾಗಾಗಿ ನಾವು ಆ ಪ್ರಶ್ನೆಯನ್ನೇ ಬಿಟ್ಟಿದ್ದೇವೆ. ಪ್ರತಿ ಗುಂಪಿನ ಮುಂದಾಳು ತನ್ನವರ ಭಾಷೆಯಲ್ಲಿ ವಿವರಿಸುತ್ತಾನೆ. ಆಮೇಲೆ ಯಾರಾದರೊಬ್ಬನನ್ನು ಮುಂದೆ ಕರೆದು, 'ಇವತ್ತು ನೀನು ನಿಲ್ಲುವ ಜಾಗದಲ್ಲಿ ಮೇಲಿನಿಂದ ಏನು ಬೀಳಬಹುದು?' ಎಂದು ಕೇಳುತ್ತೇವೆ. ಉತ್ತರ ತಡವರಿಸಿದರೆ ಆ ಗುಂಪಿನ ಕೆಲಸ ಐದು ನಿಮಿಷ ತಡವಾಗಿ ಶುರುವಾಗುತ್ತದೆ, ಅಷ್ಟೇ.

ಒಂದು ಬೆಳಿಗ್ಗೆ ಕ್ರೇನಿನಿಂದ ಕಂಬಿಯ ಕಟ್ಟುಗಳನ್ನು ಮೇಲಿನ ಅಂತಸ್ತಿಗೆ ಎತ್ತುತ್ತಿದ್ದೆವು. ಇಲ್ಲಿ ಎತ್ತುವ ಕೆಲಸಕ್ಕೆ ಲಿಖಿತ ಯೋಜನೆ ಇರಬೇಕು. ಲಿಫ್ಟಿಂಗ್ ಸೂಪರ್‌ವೈಸರ್, ಭಾರವನ್ನು ಕ್ರೇನಿಗೆ ಕಟ್ಟುವ ರಿಗ್ಗರ್, ಸಿಗ್ನಲ್‌ಮನ್ ಎಲ್ಲರೂ ತರಬೇತಿ ಪಡೆದವರೇ ಆಗಿರಬೇಕು. ಅವರೆಲ್ಲರೂ ಇದ್ದರು, ಕಾಗದಗಳೂ ಸರಿಯಾಗಿದ್ದವು. ಕಟ್ಟು ನೆಲ ಬಿಟ್ಟು ಮಂಡಿಯೆತ್ತರಕ್ಕೆ ಏರಿದಾಗ, ಹಗ್ಗ ಹಿಡಿದಿದ್ದ ಬಾಂಗ್ಲಾದೇಶದ ಹುಡುಗನೊಬ್ಬ ಎರಡೂ ಕೈ ಮೇಲೆತ್ತಿ ಕೂಗಿದ. ಕಟ್ಟನ್ನು ಕ್ರೇನಿಗೆ ತೂಗುಹಾಕಿದ್ದ ಪಾಲಿಯೆಸ್ಟರ್ ಪಟ್ಟಿಯ, ಅಂದರೆ ಸ್ಲಿಂಗಿನ, ಅಂಚು ಕಂಬಿಯ ಚೂಪಿಗೆ ಸಿಕ್ಕಿ ಬೆರಳಗಲ ಹರಿದಿತ್ತು. ಕ್ರೇನ್ ನಿಂತಿತು, ಕಟ್ಟು ಕೆಳಗಿಳಿಯಿತು. ಅವನು ಸೈಟಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಕೆಲಸ ನಿಂತಿದ್ದಕ್ಕೆ ಬೈಗುಳ ಕಾದಿದೆ ಎಂದು ಅವನ ಮುಖವೇ ಹೇಳುತ್ತಿತ್ತು. ಪ್ರಾಜೆಕ್ಟ್ ಮ್ಯಾನೇಜರ್ ಕೆಳಗಿಳಿದು ಬಂದು ಎಲ್ಲರೆದುರು ಅವನ ಕೈ ಕುಲುಕಿದರು. ಮರುದಿನದ ಮೀಟಿಂಗಿನಲ್ಲಿ ಅವನೇ ಬಂಗಾಳಿಯಲ್ಲಿ ನಡೆದದ್ದನ್ನು ಹೇಳಿದ. ಹರಿದ ಸ್ಲಿಂಗ್ ಕೈಯಿಂದ ಕೈಗೆ ದಾಟಿತು. ಪ್ರತಿಯೊಬ್ಬನೂ ಆ ಹರಕನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಯಾವ ಪೋಸ್ಟರಿಗೂ ಅಂಥ ಶಕ್ತಿಯಿಲ್ಲ ಎಂದು ನನಗೆ ಖಚಿತವಾಗಿದೆ. ಅಂದಿನಿಂದ ಸ್ಲಿಂಗುಗಳ ಬಗ್ಗೆ ಬರುವ ದೂರುಗಳು ಹೆಚ್ಚಾದವು, ಮತ್ತು ಅದು ನಮಗೆ ಸಂತೋಷದ ಸುದ್ದಿ.

ಕತೆ ಅಲ್ಲಿಗೆ ಮುಗಿಯಲಿಲ್ಲ. ನಮ್ಮದೇ ಕಂಪನಿಯ ಮತ್ತೊಂದು ಸೈಟಿನಲ್ಲಿ ಕೆಲವು ತಿಂಗಳ ಹಿಂದೆ ಇದೇ ಬಗೆಯ ಸ್ಲಿಂಗ್ ಹೀಗೆಯೇ ಹರಿದಿತ್ತು ಎಂದು ವಿಚಾರಿಸಿದಾಗ ಗೊತ್ತಾಯಿತು. ಅವರು ಚೂಪು ಅಂಚುಗಳಿಗೆ ರಕ್ಷಣಾ ಪಟ್ಟಿ ಕಟ್ಟುವ ಪದ್ಧತಿಯನ್ನೂ ಶುರು ಮಾಡಿದ್ದರು. ವರದಿ ಮುಖ್ಯ ಕಚೇರಿಗೆ ಹೋಗಿ ಕಡತ ಸೇರಿತ್ತು, ನಮ್ಮವರೆಗೆ ಬಂದಿರಲಿಲ್ಲ. ಒಂದೇ ಕಂಪನಿಯ ಎರಡು ಸೈಟುಗಳು ಎರಡು ಬೇರೆ ದೇಶಗಳಂತೆ ಬದುಕುವುದು ನಮ್ಮ ಉದ್ಯಮದ ಹಳೆಯ ಕಾಯಿಲೆ. ಪ್ರಾಜೆಕ್ಟ್ ಮುಗಿದೊಡನೆ ತಂಡ ಚದುರುತ್ತದೆ, ಕಲಿತದ್ದೂ ಅವರೊಡನೆ ಚದುರುತ್ತದೆ. ಈಗ ಅಂಥ ಪ್ರತಿಯೊಂದು ಪ್ರಸಂಗಕ್ಕೂ ಒಂದೇ ಪುಟ: ಒಂದು ಫೋಟೊ, ಏನಾಯಿತು, ಏನು ಬದಲಿಸಿದೆವು. ತಪ್ಪು ಯಾರದು ಎಂಬುದಕ್ಕೆ ಆ ಪುಟದಲ್ಲಿ ಜಾಗವೇ ಇಲ್ಲ, ಏಕೆಂದರೆ ಆ ಜಾಗವಿದ್ದಷ್ಟು ಕಾಲ ವರದಿಗಳೇ ಬರುತ್ತಿರಲಿಲ್ಲ. ಅದೇ ವಾರ ಎಲ್ಲ ಸೈಟುಗಳ ಮೀಟಿಂಗಿನಲ್ಲಿ ಅದನ್ನು ಓದಲೇಬೇಕು.

ಇನ್ನು ಕೆಲಸಗಾರರನ್ನು ಬೆಳೆಸುವ ವಿಷಯ. ಸುರಕ್ಷತೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ನನ್ನ ಪ್ರಕಾರ ಇವೆರಡೂ ಒಂದೇ. ಸರ್ಕಾರ ಇದನ್ನು ದುಡ್ಡಿನ ಭಾಷೆಯಲ್ಲಿ ಹೇಳುತ್ತದೆ. 2024ರಿಂದ ಕಟ್ಟಡ ಕ್ಷೇತ್ರದಲ್ಲಿ ಭಾರತ, ಬಾಂಗ್ಲಾದೇಶಗಳಂಥ ದೇಶಗಳಿಂದ ಬಂದ ಸಾಮಾನ್ಯ ಕೌಶಲದ ಒಬ್ಬ ಕಾರ್ಮಿಕನಿಗೆ ಕಂಪನಿ ತಿಂಗಳಿಗೆ 900 ಸಿಂಗಪುರ ಡಾಲರ್ ಲೆವಿ, ಅಂದರೆ ವಿದೇಶಿ ಕಾರ್ಮಿಕನನ್ನು ಇಟ್ಟುಕೊಳ್ಳುವುದಕ್ಕೆ ಸರ್ಕಾರಕ್ಕೆ ಕೊಡುವ ಶುಲ್ಕ, ಕಟ್ಟಬೇಕು. ಹೆಚ್ಚಿನ ಕೌಶಲದ ದರ್ಜೆಗೆ ಏರಿದವನಿಗೆ 500. ಪರೀಕ್ಷೆಗೆ ಕಳುಹಿಸಿ ಅವನನ್ನು ಮೇಲಕ್ಕೆ ತಂದರೆ ಕಂಪನಿಗೇ ಉಳಿತಾಯ. ಆದರೆ ಪ್ರಮಾಣಪತ್ರ ಕೊಡಿಸಿದರೆ ಸಾಕು ಎಂದುಕೊಂಡ ಕಂಪನಿಗಳು ಅರ್ಧ ದಾರಿಯಲ್ಲೇ ನಿಲ್ಲುತ್ತವೆ. ಅನುಭವಿ ರಿಗ್ಗರ್ ಒಬ್ಬ ಭಾರದ ಕಟ್ಟನ್ನು ನೋಡಿದೊಡನೆ ಅದರ ತೂಕ ಎತ್ತ ವಾಲುತ್ತದೆ ಎಂದು ಹೇಳಬಲ್ಲ. ಅಂಥವನು ಊರಿಗೆ ಹಿಂತಿರುಗುವ ಮುನ್ನ ಹೊಸಬರಿಬ್ಬರನ್ನು ಕೆಲವು ತಿಂಗಳು ಅವನ ಜೊತೆಗೇ ಬಿಡಬೇಕು, ಅವನು ಮಾಡುವುದನ್ನು ಅವನದೇ ಮಾತಿನಲ್ಲಿ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಬೇಕು, ಕಲಿಸಿದ್ದಕ್ಕೆ ಸಂಬಳದಲ್ಲಿ ಏನಾದರೂ ಸೇರಿಸಬೇಕು. ನಾವು ಇದನ್ನು ತಮಿಳು ಮತ್ತು ಬಂಗಾಳಿಯಲ್ಲಿ ಮಾಡುತ್ತಿದ್ದೇವೆ. ತೆಲುಗಿನಲ್ಲಿ ಇನ್ನೂ ಆಗಿಲ್ಲ, ಆಗಲೇಬೇಕು.

ಈ ಕೆಲಸಕ್ಕೆಂದು ಇಲ್ಲಿಗೆ ಹೊರಟಿರುವ ಎಂಜಿನಿಯರುಗಳಲ್ಲಿ, ಮೇಸ್ತ್ರಿಗಳಲ್ಲಿ ಒಂದು ವಿನಂತಿ. ಸುರಕ್ಷತಾ ತರಬೇತಿಯನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲೇ ಕೇಳಿ ಪಡೆಯಿರಿ. ಕೌಶಲ ಪರೀಕ್ಷೆಯ ಪತ್ರಗಳ ಪ್ರತಿಗಳನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ, ಕಂಪನಿ ಬದಲಾದಾಗ ಅವು ಬೇಕಾಗುತ್ತವೆ. ಕೆಲಸ ಅಪಾಯಕರ ಎನಿಸಿದರೆ ಮೊದಲು ನಿಲ್ಲಿಸಿ, ಆಮೇಲೆ ಸೂಪರ್‌ವೈಸರಿಗೆ ಹೇಳಿ. ಅವರು ಕಿವಿಗೊಡದಿದ್ದರೆ ಇಲ್ಲಿನ ಕಾರ್ಮಿಕ ಸಚಿವಾಲಯಕ್ಕೆ ನೇರವಾಗಿ ದೂರು ಕೊಡಬಹುದು. ದೂರು ಕೊಟ್ಟವರ ಹೆಸರನ್ನು ಅವರು ಗುಟ್ಟಾಗಿಡುತ್ತಾರೆ.