ಬೇಕರಿ ಕೌಂಟರಿನಲ್ಲಿ ಕರ್ತನ ಪ್ರಾರ್ಥನೆ

ಜರ್ಮನಿಗೆ ಬಂದ ಮೇಲೆ ನನ್ನ ಧರ್ಮದ ಬಗ್ಗೆ ಮೊದಲು ಕೇಳಿದ್ದು ಪಾದ್ರಿ ಅಲ್ಲ, ನಗರ ಕಚೇರಿಯ ಗುಮಾಸ್ತೆ. ಇಲ್ಲಿ ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಫಾರಂನಲ್ಲಿ ಹೆಸರು, ಹುಟ್ಟಿದ ದಿನ, ಹಳೇ ವಿಳಾಸ, ಆಮೇಲೆ ಧರ್ಮ. ನಾನು ಯೋಚನೆ ಮಾಡದೆ ಪ್ರೊಟೆಸ್ಟೆಂಟ್ ಅಂತ ಬರೆದೆ. ಸಂಜೆ ಅಡುಗೆಮನೆಯಲ್ಲಿ ಈ ವಿಷಯ ಹೇಳಿದಾಗ ಜೊತೆಗಿರುವವರೆಲ್ಲ ತಲೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ, ಯಾಕೆ ಬರೆದೆ? ಖಾಲಿ ಬಿಡೋದಲ್ವಾ!"

ವಿಷಯ ಇಷ್ಟೇ. ಇಲ್ಲಿ ಚರ್ಚಿಗೆ ಕೊಡುವ ಕಾಣಿಕೆಯನ್ನು ಸರ್ಕಾರವೇ ಸಂಬಳದಿಂದ ಹಿಡಿದುಕೊಳ್ಳುತ್ತದೆ. ನಾನಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಅದು ಆದಾಯ ತೆರಿಗೆಯ 8 ಪರ್ಸೆಂಟ್. ಬೇಡ ಅಂದರೆ ಚರ್ಚ್ ಬಿಡಬೇಕು. ಬಿಡುವುದಕ್ಕೂ ಹುಟ್ಟು, ಮದುವೆ, ಸಾವು ಬರೆಯುವ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ, ಸಹಿ ಹಾಕಬೇಕು. ನನ್ನಂಥ ವಿದ್ಯಾರ್ಥಿಗೆ ಆದಾಯ ತೆರಿಗೆಯೇ ಬೀಳುವುದಿಲ್ಲ, ಹಾಗಾಗಿ ಹೋಗಿದ್ದೇನೂ ಇಲ್ಲ. ಆದರೂ ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರಿಗೆ ಬಹಳ ಹೊತ್ತು ನಗು ತಡೆಯಲಾಗಲಿಲ್ಲ. ಊರಿನ ನಮ್ಮ ಚರ್ಚಿನ ಸಭೆಯಲ್ಲಿ ಖಜಾಂಚಿಯಾಗಿ ವರ್ಷಗಟ್ಟಲೆ ಮನೆಮನೆ ಸುತ್ತಿ ಚಂದಾ ಎತ್ತಿದವರು ಅವರು. "ನಮಗೂ ಒಬ್ಬ ಇನ್‌ಕಮ್ ಟ್ಯಾಕ್ಸ್ ಆಫೀಸರ್ ಕೊಟ್ಟಿದ್ರೆ ನನ್ನ ಚಪ್ಪಲಿ ಉಳೀತಿತ್ತು ಕಣೇ."

ಊರು ಟ್ಯೂಬಿಂಗನ್. 1477ರಲ್ಲಿ ಶುರುವಾದ ಯೂನಿವರ್ಸಿಟಿ, ಪಕ್ಕದಲ್ಲಿ ನೆಕ್ಕರ್ ನದಿ, ಎಲ್ಲಿ ನೋಡಿದರೂ ಸೈಕಲ್. ನಾನು ಇಲ್ಲಿ ಓದುತ್ತಿರುವುದು ಅಂತರ್ಜಲದ ಬಗ್ಗೆ, ದೇವರ ಬಗ್ಗೆ ಅಲ್ಲ. ಆದರೆ ಹಿಂದೆ ಸ್ವಿಟ್ಜರ್ಲೆಂಡಿನಿಂದ ನಮ್ಮ ಕಡೆ ಮಿಶನರಿಗಳನ್ನು ಕಳಿಸಿದ ಬಾಸೆಲ್ ಮಿಶನ್ನಿನ ಸಭೆಯಲ್ಲಿ ಬೆಳೆದವಳಿಗೆ ಈ ಊರಿನ ಹೆಸರು ಹೊಸದಲ್ಲ. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ತಂದ ಆ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಓದಿದ್ದು ಇಲ್ಲೇ. 1894ರಲ್ಲಿ ಆ ದೊಡ್ಡ ನಿಘಂಟು ಕೊಟ್ಟ ಕಿಟೆಲ್ ಕೊನೆಗಾಲದಲ್ಲಿ ಇದ್ದದ್ದು, 1903ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ಸಂಡೇ ಸ್ಕೂಲಿನಲ್ಲಿ ಈ ಹೆಸರುಗಳನ್ನು ಕೇಳಿ ಕೇಳಿ ನನ್ನ ತಲೆಯಲ್ಲಿ ಒಂದು ಜರ್ಮನಿ ತಯಾರಾಗಿತ್ತು. ಅಲ್ಲಿ ಎಲ್ಲರೂ ಉದ್ದ ಗಡ್ಡ ಬಿಟ್ಟು, ಬೆಳಿಗ್ಗೆ ಐದಕ್ಕೆ ಎದ್ದು ಸತ್ಯವೇದ ಓದುತ್ತಿದ್ದರು.

ನಿಜವಾದ ಜರ್ಮನಿಯಲ್ಲಿ ಕಿಟೆಲ್ ಹೆಸರು ಹೇಳಿದರೆ ನನ್ನ ಕ್ಲಾಸಿನವರು ಹುಬ್ಬೇರಿಸಿದರು. 2022ರಲ್ಲಿ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಎಂಬ ಎರಡು ದೊಡ್ಡ ಚರ್ಚುಗಳ ಸದಸ್ಯರು ಒಟ್ಟು ಸೇರಿದರೂ ಇಲ್ಲಿನ ಜನಸಂಖ್ಯೆಯ ಅರ್ಧಕ್ಕಿಂತ ಕೆಳಗೆ ಬಂದರು. ನನ್ನ ಪಕ್ಕದ ರೂಮಿನ ಹುಡುಗಿ ಹಿಂದೆ ಕಮ್ಯುನಿಸ್ಟ್ ಪೂರ್ವ ಜರ್ಮನಿಯಾಗಿದ್ದ ಭಾಗದವಳು. ಅವಳಿಗೆ ದೀಕ್ಷಾಸ್ನಾನ ಆಗಿಲ್ಲ, ಅವಳ ಅಮ್ಮನಿಗೂ ಆಗಿಲ್ಲ. ಒಂದು ರಾತ್ರಿ ಪಾತ್ರೆ ಒರೆಸುತ್ತಾ ಕೇಳಿದಳು. "ನೀನು ನಿಜವಾಗ್ಲೂ ನಂಬ್ತೀಯಾ? ಸತ್ತವನು ಎದ್ದು ಬಂದ ಅಂತ?"

ಹಂಗಿಸುವ ಪ್ರಶ್ನೆ ಅಲ್ಲ ಅದು. ಸುಮ್ನೆ ತಿಳಿದುಕೊಳ್ಳಬೇಕು ಅಂತ ಕೇಳಿದಳು. ನನಗೆ ಉತ್ತರ ತಟ್ಟನೆ ಹೊಳೆಯಲಿಲ್ಲ. ನಮ್ಮ ದೇಶದಲ್ಲಿ ನನಗೆ ಬೀಳುವ ಪ್ರಶ್ನೆಯೇ ಬೇರೆ. "ನೀವು ಯಾವಾಗ ಕನ್ವರ್ಟ್ ಆಗಿದ್ದು?" ಇದಕ್ಕೆ ಉತ್ತರ ಬಾಯಿಪಾಠ. ಮುತ್ತಜ್ಜನ ಅಜ್ಜನ ಕಾಲ, ಮಿಶನ್ ಶಾಲೆ, ಹೀಗೆ. ಆದರೆ ನಂಬುತ್ತೀಯಾ ಅಂತ ಯಾರೂ ಕೇಳಿರಲಿಲ್ಲ. ಚರ್ಚಿನವರು ಕೇಳಲಿಲ್ಲ, ಯಾಕೆಂದರೆ ನಂಬುತ್ತೇನೆ ಅಂತ ಅವರೇ ನಂಬಿದ್ದರು. ಹೊರಗಿನವರಿಗೆ ಅದು ಬೇಕಿರಲಿಲ್ಲ. "ಹೌದು, ಆದರೆ ಎಲ್ಲಾ ದಿನ ಒಂದೇ ಸಮ ಅಲ್ಲ" ಅಂದೆ. ಅವಳು ತಲೆಯಾಡಿಸಿ ಮುಂದಿನ ತಟ್ಟೆ ಎತ್ತಿಕೊಂಡಳು.

ವಾರದ ದಿನಗಳಲ್ಲಿ ನನ್ನ ಭಕ್ತಿ ಬಸ್ಸಿನಲ್ಲಿ ನಡೆಯುತ್ತದೆ. ಗುಡ್ಡದ ಮೇಲಿನ ಲ್ಯಾಬಿಗೆ ಹೋಗುವಾಗ ಒಂದು ಪುಟ್ಟ ಪುಸ್ತಕ ತೆಗೆಯುತ್ತೇನೆ. ಹೆರ್ನ್‌ಹೂಟ್ ಎಂಬ ಊರಿನ, ಮೊರಾವಿಯನ್ ಎಂಬ ಪ್ರೊಟೆಸ್ಟೆಂಟ್ ಸಭೆಯವರು 1731ರಿಂದ ಇದನ್ನು ಅಚ್ಚು ಹಾಕುತ್ತಿದ್ದಾರೆ. ದಿನಕ್ಕೆ ಹಳೇ ಒಡಂಬಡಿಕೆಯ ಒಂದು ವಚನ. ಯಾವ ದಿನಕ್ಕೆ ಯಾವುದು ಅಂತ ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಮಾತ್ರ ಹುಡುಕಿ ಸೇರಿಸುತ್ತಾರೆ. ಜರ್ಮನ್‌ನಲ್ಲಿ ಓದಿ, ಅರ್ಥವಾಗದಿದ್ದರೆ ಫೋನಿನಲ್ಲಿ ಕನ್ನಡ ಸತ್ಯವೇದ ತೆರೆಯುತ್ತೇನೆ. ಎರಡು ಸ್ಟಾಪ್ ಕಳೆಯುವುದರೊಳಗೆ ಮುಗಿಯುತ್ತದೆ. ಕೆಲವು ದಿನ ವಚನ ಎದೆಗೆ ತಾಗುತ್ತದೆ. ಕೆಲವು ದಿನ ಪೈಪೆಟ್ ತೊಳೆಯಬೇಕಲ್ಲ ಅನ್ನುವುದಷ್ಟೇ ತಲೆಯಲ್ಲಿರುತ್ತದೆ.

ಕಷ್ಟವೆಲ್ಲ ಭಾನುವಾರದ್ದು.

ಯೂರೋಪಿನ ಹೊರಗಿಂದ ಬಂದ ವಿದ್ಯಾರ್ಥಿಗಳು ಈ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು. ವೀಸಾಗಾಗಿ ಬ್ಯಾಂಕಿನಲ್ಲಿ ಕೂಡಿಟ್ಟ ದುಡ್ಡು ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. ಬಾಡಿಗೆ, ಇನ್ಶೂರೆನ್ಸ್, ಊಟ ಅಂತ ಅದು ಮುಗಿಯುತ್ತದೆ. ಫೀಸಿಗೆ ಬೇರೆ ದಾರಿ ಬೇಕು. ಸಿಕ್ಕಿದ್ದು ಬೇಕರಿ ಕೌಂಟರಿನ ಕೆಲಸ, 2025ರಲ್ಲಿ ಗಂಟೆಗೆ 12.82 ಯೂರೋ. ಶನಿವಾರ ಮತ್ತು ಭಾನುವಾರ. ಭಾನುವಾರ ಇಲ್ಲಿ ಹೆಚ್ಚಿನ ಅಂಗಡಿ ಬಂದ್, ಬೇಕರಿಗಳು ಬೆಳಿಗ್ಗೆ ಸ್ವಲ್ಪ ಹೊತ್ತು ತೆರೆದಿರುತ್ತವೆ. ನಮ್ಮದು ಎಂಟರಿಂದ ಹನ್ನೊಂದು. ಆರಾಧನೆ ಹತ್ತಕ್ಕೆ.

ಅಮ್ಮನಿಗೆ ಇದು ನುಂಗಲಾರದ ತುತ್ತಾಯಿತು. ಕರ್ತನ ದಿನದಲ್ಲಿ ವ್ಯಾಪಾರವಾ ಅಂದರು. ಅಪ್ಪ ಹಿಂದಿನಿಂದ ಕೂಗಿದರು. "ಎತ್ತು ಬಾವಿಗೆ ಬಿದ್ದರೆ ಸಬ್ಬತ್‌ದಿನ ಅಂತ ಬಿಡ್ತಾರಾ? ಲೂಕ ಹದಿನಾಲ್ಕು ಓದು." ಅಮ್ಮ ತಿರುಗಿ, "ಬ್ರೆಡ್ ಮಾರೋದು ಎತ್ತು ಎತ್ತಿದ ಹಾಗಾ?" ಅಂದರು. ಅವರಿಬ್ಬರ ಜಗಳ ಕೇಳಿಸಿಕೊಳ್ಳುತ್ತಾ ನಾನು ಫೋನ್ ಕೆಳಗಿಟ್ಟು ಟೀ ಕಾಯಿಸಿಕೊಂಡು ಬಂದೆ. ಇನ್ನೂ ಮುಗಿದಿರಲಿಲ್ಲ.

ಬೇಕರಿ ಇರುವುದು ಚರ್ಚಿಗೆ ಹತ್ತಿರ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಭಾನುವಾರ ಹತ್ತೂಮುಕ್ಕಾಲರ ಸುಮಾರಿಗೆ ಒಂದೇ ಒಂದು ಗಂಟೆ ಬಾರಿಸತೊಡಗಿತು. ಆರಾಧನೆ ಶುರುವಾಗುವಾಗ ಹೊಡೆಯುವುದು ಎಲ್ಲಾ ಗಂಟೆಗಳ ಗದ್ದಲ, ಇದು ಹಾಗಲ್ಲ. ಅರ್ಧ ನಿಮಿಷವೋ ಏನೋ ಹೊಡೆದು ನಿಂತಿತು. ಜೊತೆಯಲ್ಲಿ ಕೆಲಸ ಮಾಡುವ ಹಿರಿಯ ಹೆಂಗಸನ್ನು ಕೇಳಿದೆ. ಆಕೆ ಬ್ರೆಡ್ ಸ್ಲೈಸ್ ಮಾಡುತ್ತಲೇ ಹೇಳಿದರು. "ಒಳಗೆ ಈಗ ಕರ್ತನ ಪ್ರಾರ್ಥನೆ ಹೇಳ್ತಾ ಇದಾರೆ. ಬರೋಕೆ ಆಗದವರಿಗೆ ತಿಳೀಲಿ ಅಂತ ಗಂಟೆ. ನಮ್ಮಜ್ಜಿ ಹಾಸಿಗೆ ಹಿಡಿದಾಗ ಇದಕ್ಕೆ ಕಾಯ್ತಾ ಇರ್ತಿದ್ಲು." ಆಕೆ ಚರ್ಚ್ ಬಿಟ್ಟು ಬಹಳ ವರ್ಷ ಆಗಿದೆ. ತೆರಿಗೆ ಕಾರಣ ಅಂತ ಆಕೆಯೇ ಮುಚ್ಚುಮರೆ ಇಲ್ಲದೆ ಹೇಳಿದ್ದರು.

ಬರಲಾಗದವರಿಗಾಗಿ ಗಂಟೆ. ದನ ಕಾಯುವವರು, ಬಾಣಂತಿಯರು, ಹಾಸಿಗೆ ಹಿಡಿದವರು, ಈಗ ಬ್ರೆಟ್ಸೆಲ್ ಅನ್ನುವ ಗಂಟು ಹಾಕಿದ ಬ್ರೆಡ್ಡು ಮಾರುವವಳು. ಯಾರೋ ಹಿಂದಿನ ಕಾಲದವರು ನನ್ನನ್ನೂ ಲೆಕ್ಕಕ್ಕೆ ಹಿಡಿದಿದ್ದರು ಅನ್ನಿಸಿತು. ಮುಂದಿನ ವಾರದಿಂದ ಗಂಟೆ ಕೇಳಿದ ಕೂಡಲೇ ಯೇಸು ಕಲಿಸಿದ ಆ ಪ್ರಾರ್ಥನೆಯನ್ನು ತುಟಿಯೊಳಗೇ ಶುರು ಮಾಡುತ್ತಿದ್ದೆ. ಪರಲೋಕದಲ್ಲಿರುವ ನಮ್ಮ ತಂದೆಯೇ. ಕೈ ಕೆಲಸ ಬಿಡುವ ಹಾಗಿಲ್ಲ, ಆ ಹೊತ್ತಿಗೇ ಸಾಲು ಜಾಸ್ತಿ. ಒಮ್ಮೆ "ನಮ್ಮ ಅನುದಿನದ ಆಹಾರವನ್ನು ಈಹೊತ್ತು ನಮಗೆ ದಯಪಾಲಿಸು" ಅನ್ನುವಾಗ ನಾಲ್ಕು ಬನ್ನು ಚೀಲಕ್ಕೆ ಹಾಕುತ್ತಿದ್ದೆ. ಎದುರಿಗಿದ್ದ ಗಿರಾಕಿ "ನಾನು ಕೇಳಿದ್ದು ಎಳ್ಳು ಹಾಕಿದ್ದು" ಅಂದ. ಬದಲಾಯಿಸಿ ಕೊಟ್ಟು ತಪ್ಪುಗಳ ಕ್ಷಮೆಗೆ ಮುಂದೆ ಹೋದೆ. ಕನ್ನಡದ ಪ್ರಾರ್ಥನೆ ಗಂಟೆ ಹೊಡೆಯುವ ಹೊತ್ತಿಗಿಂತ ಉದ್ದ. ಆಮೆನ್ ಹೇಳುವಾಗ ಯಾವಾಗಲೂ ನಾನೊಬ್ಬಳೇ ಹಿಂದೆ.

ಹೇಳಿದರೆ ವಿಚಿತ್ರ ಅನ್ನಿಸಬಹುದು, ನಮ್ಮ ಸಭೆಯಲ್ಲಿ ಕುಳಿತು ಅಷ್ಟು ವರ್ಷ ಹೇಳಿದ ಪ್ರಾರ್ಥನೆಗಿಂತ ಈ ಕೌಂಟರಿನ ಪ್ರಾರ್ಥನೆಯಲ್ಲಿ ನನಗೆ ಗಮನ ಜಾಸ್ತಿ. ಅಲ್ಲಿ ನಾನು ಮರೆತರೂ ಸುತ್ತಲಿನ ದನಿಗಳು ಮುಂದಕ್ಕೆ ಒಯ್ಯುತ್ತಿದ್ದವು. ಇಲ್ಲಿ ಮರೆತರೆ ಮುಗಿಯಿತು. ಹಾಗಂತ ಒಂಟಿ ಭಕ್ತಿಯೇ ದೊಡ್ಡದು ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಆ ಗಂಟೆಯ ಹಗ್ಗ ಎಳೆಯುವುದಕ್ಕೋ ಸ್ವಿಚ್ ಒತ್ತುವುದಕ್ಕೋ ಒಳಗೆ ಯಾರೋ ಬಂದಿರಲೇಬೇಕಲ್ಲ.

2025ರ ಶುಭ ಶುಕ್ರವಾರ ಬೇಕರಿಗೆ ರಜೆ, ಚರ್ಚಿಗೆ ಹೋದೆ. ಬಲಿಪೀಠಕ್ಕೆ ಕಪ್ಪು ಬಟ್ಟೆ. ನಮ್ಮಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಯೇಸು ಶಿಲುಬೆಯಲ್ಲಿ ಆಡಿದ ಏಳು ಮಾತುಗಳ ಮೇಲೆ ಏಳು ಪ್ರಸಂಗ, ಸೆಖೆ, ಬೀಸಣಿಗೆ, ಅಳುವ ಮಕ್ಕಳು. ಇಲ್ಲಿ ಒಂದು ತಾಸು, ಸ್ವೆಟರ್ ತೊಟ್ಟ ತಲೆನರೆತ ಜನ, ಒಂದು ಕೆಮ್ಮು ಕೇಳಿಸಿದರೂ ಎಲ್ಲರೂ ತಿರುಗಿ ನೋಡುವಷ್ಟು ಮೌನ. ಗೋಡೆಯ ಹಲಗೆಯಲ್ಲಿ ಹಾಡಿನ ನಂಬರ್ 85. ಆರ್ಗನ್ ಶುರುವಾದಾಗ ನನಗೆ ಪುಸ್ತಕವೇ ಬೇಕಾಗಲಿಲ್ಲ. ಮುಳ್ಳಿನ ಕಿರೀಟ ತೊಟ್ಟ ತಲೆಯ ಹಾಡು. ಅದೇ ರಾಗಕ್ಕೆ ನಮ್ಮ ಸಭೆಯಲ್ಲಿ ಕನ್ನಡದಲ್ಲಿ ಹಾಡುತ್ತೇವೆ. ಮಿಶನರಿಗಳು ಪೆಟ್ಟಿಗೆಯಲ್ಲಿ ಬಟ್ಟೆಗಳ ಜೊತೆ ರಾಗಗಳನ್ನೂ ತಂದಿದ್ದರು. ಪಾಲ್ ಗೆರ್‌ಹಾರ್ಟ್ 1656ರಲ್ಲಿ ಜರ್ಮನ್ ಪದ್ಯ ಬರೆದದ್ದು, ಬಾಖ್ ತನ್ನ ಸಂಗೀತದಲ್ಲಿ ಮತ್ತೆ ಮತ್ತೆ ಬಳಸಿದ್ದು. ಮೂಲದಲ್ಲಿ ಅದು 1601ರಲ್ಲಿ ಹಾಸ್ಲರ್ ಎಂಬಾತ ಅಚ್ಚು ಹಾಕಿಸಿದ ಪ್ರೇಮಗೀತೆಯ ರಾಗ! ನಮ್ಮ ಸಂಡೇ ಸ್ಕೂಲ್ ಟೀಚರಿಗೆ ಇದು ಗೊತ್ತಿದ್ದರೆ ಹಾಡಿಸುತ್ತಿದ್ದರೋ ಇಲ್ಲವೋ.

ನಾನು ಕನ್ನಡದಲ್ಲೇ ಹಾಡಿದೆ. ಮೊದಲು ಮೆಲ್ಲಗೆ, ಆಮೇಲೆ ಇಡೀ ದನಿಯಲ್ಲಿ. ಬೆಂಚು ಬೆಂಚಿನ ನಡುವೆ ಅಷ್ಟು ಜಾಗ ಖಾಲಿ, ಯಾರಿಗೆ ತೊಂದರೆ? ಮುಂದಿನ ಬೆಂಚಿನ ಅಜ್ಜ ಒಮ್ಮೆ ತಿರುಗಿ ನೋಡಿದರು. ಮುಂದಿನ ಚರಣದಲ್ಲಿ ಅವರ ದನಿಯೂ ಏರಿತು. ಕೊನೆಯಲ್ಲಿ ಯಾರೂ ಯಾರೊಂದಿಗೂ ಮಾತಾಡದೆ ಹೊರಗೆ ನಡೆದರು. ಈ ದಿನ ಇಲ್ಲಿ ಡಿಸ್ಕೋಗಳಲ್ಲಿ ಕುಣಿಯುವುದಕ್ಕೂ ಕಾನೂನಿನ ತಡೆ ಇದೆ. ಪಕ್ಕದ ರೂಮಿನವಳಿಗೆ ಇದರ ಮೇಲೆ ಸಿಟ್ಟು. "ನಿನ್ನ ದುಃಖಕ್ಕೆ ನಾನ್ಯಾಕೆ ಕುಣೀಬಾರದು?" ಅಂದಳು. ನನಗೂ ಅವಳ ಮಾತು ಸರಿ ಅನ್ನಿಸಿತು. ಪೊಲೀಸರಿಂದ ಕಾಯಿಸಿಕೊಳ್ಳುವ ಮೌನ ಏನು ಮೌನ?

ಶನಿವಾರ ಬೇಕರಿಯಲ್ಲಿ ಉಸಿರಾಡಲು ಸಮಯವಿರಲಿಲ್ಲ. ಭಾನುವಾರ, ಸೋಮವಾರ ಎರಡೂ ರಜೆ, ಜನ ಬರಗಾಲ ಬಂದವರಂತೆ ಕೊಂಡರು. ಜಡೆ ಹೆಣೆದ ಸಿಹಿ ಬ್ರೆಡ್ಡು, ಮತ್ತೆ ಕುರಿಮರಿ ಆಕಾರದ ಕೇಕ್, ಮೇಲೆ ಸಕ್ಕರೆ ಪುಡಿ. ಸತ್ಯವೇದ ಯೇಸುವನ್ನು ಕರೆಯುವ ಹಾಗೆ, ಲೋಕದ ಪಾಪವನ್ನು ನಿವಾರಣೆ ಮಾಡುವ ದೇವರ ಕುರಿಮರಿಯನ್ನು ನಾನು ಬಿಲ್ ಹಾಕಿ ಪ್ಯಾಕ್ ಮಾಡಿ ಕೊಡುತ್ತಿದ್ದೆ. ಕಿವಿ ಮುರಿದವಕ್ಕೆ ಅರ್ಧ ಬೆಲೆ. ಅಂಥದ್ದೊಂದನ್ನು ನಾನೇ ತೆಗೆದುಕೊಂಡೆ.

ಈಸ್ಟರ್ ಬೆಳಿಗ್ಗೆ ಐದೂವರೆಗೆ ಆರಾಧನೆ. ಪಕ್ಕದ ರೂಮಿನವಳು ತಾನೂ ಬರುತ್ತೇನೆ ಅಂದಳು. ಕತ್ತಲಲ್ಲಿ ಬೆಂಕಿ ಹಾಕುತ್ತಾರೆ ಅಂತ ಕೇಳಿದ್ದಳಂತೆ. ಚರ್ಚಿನ ಹೊರಗೆ ಬೆಂಕಿ ಉರಿಯುತ್ತಿತ್ತು. ಅದರಿಂದ ದೊಡ್ಡ ಮೇಣದಬತ್ತಿ ಹೊತ್ತಿಸಿಕೊಂಡು ಸಭಾಪಾಲಕಿ ಮುಂದೆ ನಡೆದರು, ಹಿಂದೆ ನಾವು. ಒಳಗೆ ಒಂದು ದೀಪವೂ ಇಲ್ಲ. ಒಬ್ಬರಿಂದ ಒಬ್ಬರಿಗೆ ಬತ್ತಿ ಹೊತ್ತುತ್ತಾ ಹೋಯಿತು. ಗೆಳತಿಗೆ ಹೊತ್ತಿಸಿ ಕೊಟ್ಟವಳು ನಾನು, ಅವಳ ಮೇಣ ತೊಟ್ಟಿಕ್ಕಿದ್ದು ನನ್ನ ಒಂದೇ ಒಂದು ಒಳ್ಳೇ ಕೋಟಿನ ಮೇಲೆ. ಕಿಟಕಿಗಳು ಬೂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ಸಭಾಪಾಲಕಿ ಕರ್ತನು ಎದ್ದಿದ್ದಾನೆ ಅಂತ ಸಾರಿದರು. ಎಲ್ಲರೂ ನಿಜವಾಗಿಯೂ ಎದ್ದಿದ್ದಾನೆ ಅಂತ ಗಟ್ಟಿಯಾಗಿ ಉತ್ತರ ಕೊಟ್ಟರು. ನಾನೂ ಕೊಟ್ಟೆ. ಆ ರಾತ್ರಿ ಪಾತ್ರೆ ಒರೆಸುವಾಗ ಹುಡುಕಿದ ಉತ್ತರ, ಈಗ ಇಷ್ಟು ಜನರ ಜೊತೆ ಸಲೀಸಾಗಿ ಬಾಯಿಂದ ಬಂತು. ಗೆಳತಿ ಬಾಯಿ ಮುಚ್ಚಿ ನಿಂತಿದ್ದಳು. ಅವಳು ಸುಮ್ಮನೆ ಹೇಳಿಬಿಡಲಿಲ್ಲ ಅನ್ನುವುದು ನನಗೆ ಇಷ್ಟವಾಯಿತು.

ಆಮೇಲೆ ಪಕ್ಕದ ಸಭಾಂಗಣದಲ್ಲಿ ತಿಂಡಿ. ಬಣ್ಣದ ಮೊಟ್ಟೆ, ಕಾಫಿ, ನಿನ್ನೆ ನಾನೇ ಪ್ಯಾಕ್ ಮಾಡಿದ ಜಡೆ ಬ್ರೆಡ್ಡು. ಮಕ್ಕಳು ಮೊಟ್ಟೆಗೆ ಮೊಟ್ಟೆ ಕುಟ್ಟಿ ಯಾರದ್ದು ಒಡೆಯುತ್ತೆ ಅಂತ ಪಂದ್ಯ ಆಡುತ್ತಿದ್ದರು. ಗೆಳತಿ ಅವರ ಜೊತೆ ಕೂತು ಎಲ್ಲರನ್ನೂ ಸೋಲಿಸಿದಳು. ಮನೆಗೆ ನಡೆಯುತ್ತಾ ಲೆಕ್ಕ ಕೊಟ್ಟಳು. "ಬೆಂಕಿ ಇಷ್ಟ ಆಯ್ತು. ಹಾಡು ಇಷ್ಟ ಆಯ್ತು. ನಂಬಿಕೆ ಏನೂ ಬರಲಿಲ್ಲ. ಮೊಟ್ಟೆ ಚೆನ್ನಾಗಿತ್ತು." ಅಮ್ಮನಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಅಮ್ಮ, "ಮುಂದಿನ ವರ್ಷಾನೂ ಕರ್ಕೊಂಡು ಹೋಗು" ಅಂದರು. ಭಾನುವಾರದ ಕೆಲಸದ ಸುದ್ದಿ ಆ ದಿನ ಎತ್ತಲಿಲ್ಲ.

ಮರುವಾರ ಮತ್ತೆ ಕೌಂಟರ್. ಹತ್ತೂಮುಕ್ಕಾಲಾಯಿತು, ಗಂಟೆ ಇಲ್ಲ. ಹತ್ತು ಐವತ್ತು, ಇಲ್ಲ. ಚರ್ಚ್ ಬಿಟ್ಟ ಆ ಹೆಂಗಸು ಗೋಡೆ ಗಡಿಯಾರ ನೋಡಿ, ಚರ್ಚಿನ ಕಡೆ ನೋಡಿ, ಬುಟ್ಟಿಯಲ್ಲಿ ಉಳಿದ ಬ್ರೆಟ್ಸೆಲ್ ಎಣಿಸಿದರು. ಗಂಟೆ ಹೊಡೆದಾಗ ಹನ್ನೊಂದಕ್ಕೆ ಮೂರು ನಿಮಿಷ ಇತ್ತು.

"ಇವತ್ತು ಪ್ರಸಂಗ ಉದ್ದ ಆಯ್ತು" ಅಂದರು ಆಕೆ. "ಬಾಗಿಲು ಹಾಕ್ಬೇಡ, ಅವರೆಲ್ಲ ಹಸಿದು ಬರ್ತಾರೆ. ನೀನು ನಿನ್ನ ಪ್ರಾರ್ಥನೆ ಮುಗಿಸಿ ಬಾ, ಈ ಟ್ರೇ ನಾನು ಹೊರಗೆ ಇಡ್ತೀನಿ."