ಮೂರು ವರ್ಷದ ಕರಾರಿಗೆ ನೋಟರಿ ಸೀಲ್ ಸಾಕಾ?

ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರಿಗೇ ನನ್ನ ಟೈಪಿಂಗ್ ಅಂಗಡಿ. ಬಾಡಿಗೆ ಕರಾರು ಬೇಕು ಅಂತ ಬಂದವರನ್ನು ನಾನು ಮೊದಲು ಕೇಳುವುದು "ಎಷ್ಟು ತಿಂಗಳಿಗೆ?" ಅಂತ. ಮನೆಗಾದರೆ ಹನ್ನೊಂದು, ಮಾತೇ ಇಲ್ಲ. ತಕರಾರು ಶುರುವಾಗುವುದು ಮಳಿಗೆಯವರ ಹತ್ತಿರ.

ಮೊನ್ನೆ ಬೇಕರಿ ಹಾಕಲು ಹೊರಟ ಹುಡುಗನೊಬ್ಬ ಕಟ್ಟಡದ ಓನರ್ ಜೊತೆ ಬಂದಿದ್ದ. ಮೂರು ವರ್ಷಕ್ಕೆ ಕರಾರು, ವರ್ಷಕ್ಕೆ ಶೇ. 5 ಏರಿಕೆ. "ಬಾಂಡ್ ಪೇಪರಲ್ಲಿ ಬರೆದು ನೋಟರಿ ಮಾಡಿಸಿದ್ರೆ ಆಯ್ತಲ್ವಾ ಸಾರ್?"

ಆಗಲ್ಲ. 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅವಧಿ ಒಂದು ವರ್ಷ ಮೀರಿದರೆ, ಅಥವಾ ವರ್ಷದಿಂದ ವರ್ಷಕ್ಕೆ ಅಂತಿದ್ದರೆ, ಅಥವಾ ಬಾಡಿಗೆಯನ್ನು ವಾರ್ಷಿಕ ಲೆಕ್ಕದಲ್ಲಿ ಗೊತ್ತು ಮಾಡಿದ್ದರೆ, ರಿಜಿಸ್ಟರ್ ಆಗಲೇಬೇಕು. ಹನ್ನೊಂದು ತಿಂಗಳ ಗುಟ್ಟು ಇಷ್ಟೇ. ಸಹಿ ಹಾಕಿದವರು ಇವರೇ ಅನ್ನುವುದಕ್ಕೆ ನೋಟರಿ ಸಾಕ್ಷಿ, ಅದಕ್ಕಿಂತ ಜಾಸ್ತಿ ಏನಿಲ್ಲ.

ಹಾಗಂತ ರಿಜಿಸ್ಟರ್ ಆಗದಿದ್ದರೆ ಬಾಡಿಗೆದಾರ ನಾಳೆಯೇ ಬೀದಿಗೆ ಬೀಳುವುದಿಲ್ಲ. ಬೀಗದ ಕೈ ಕೊಟ್ಟು ತಿಂಗಳು ತಿಂಗಳು ಬಾಡಿಗೆ ಇಸ್ಕೊಂಡ ಮೇಲೆ ಅವನು ಬಾಡಿಗೆದಾರನೇ. ರಿಜಿಸ್ಟರ್ ಆಗದ ಐದು ವರ್ಷದ ಕರಾರೊಂದರ ವಿಷಯದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಇದನ್ನೇ ಹೇಳಿತು. ಆದರೆ ಅದು ತಿಂಗಳ ಬಾಡಿಗೆ ಲೆಕ್ಕ, ಐದು ವರ್ಷದ್ದಲ್ಲ. ಹದಿನೈದು ದಿನದ ನೋಟಿಸ್ ಕೊಟ್ಟು ಬಿಡಿಸಬಹುದು. (ಬಾಡಿಗೆ ಕಾಯ್ದೆಯ ರಕ್ಷಣೆ ಇರುವ ತೀರಾ ಸಣ್ಣ ಮಳಿಗೆಗಳ ಕತೆ ಬೇರೆ.)

ಈ ಹುಡುಗ ಓವನ್ನು, ಟೈಲ್ಸು, ಗಾಜಿನ ಕೌಂಟರು ಅಂತ ಸಾಲ ಮಾಡಿ ಸುರಿಯುತ್ತಿರುವುದೇ ಮೂರು ವರ್ಷ ಸಿಗುತ್ತದೆ ಅನ್ನುವ ಧೈರ್ಯದ ಮೇಲೆ. ರಿಜಿಸ್ಟರ್ ಆಗದ ಕಾಗದದಲ್ಲಿ ಬರೆದ "ಮೂರು ವರ್ಷ" ಅನ್ನುವ ಆ ಸಾಲನ್ನೇ ಕೋರ್ಟು ಪುರಾವೆ ಅಂತ ಒಪ್ಪುವುದಿಲ್ಲ. ಓನರಿಗೂ ಅಷ್ಟೆ: "ಎರಡು ವರ್ಷ ಖಾಲಿ ಮಾಡುವಂತಿಲ್ಲ" ಅಂತ ಬರೆಸಿಕೊಂಡಿರುತ್ತಾರೆ, ಹುಡುಗ ಆರನೇ ತಿಂಗಳಿಗೆ ಶಟರ್ ಎಳೆದರೆ ಆ ಕಾಗದ ಹಿಡಿದು ಕೇಳುವುದು ಕಷ್ಟ.

ಪತ್ರಕ್ಕೆ ಇಬ್ಬರೂ ಸಹಿ ಹಾಕಬೇಕು. ಸಹಿಯಾದ ದಿನದಿಂದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ತಪ್ಪಿದರೆ ಇನ್ನೂ ನಾಲ್ಕು ತಿಂಗಳು ಅವಕಾಶ ಸಿಗಬಹುದು, ಆದರೆ ನೋಂದಣಿ ಶುಲ್ಕದ ಹತ್ತು ಪಟ್ಟಿನವರೆಗೂ ದಂಡ ಬೀಳುತ್ತದೆ. ಸ್ಟಾಂಪ್ ಡ್ಯೂಟಿ ಬೇರೆ, ಅದು ಹನ್ನೊಂದು ತಿಂಗಳ ಕರಾರಿಗೂ ಇದೆ. ಯಾರು ಕಟ್ಟಬೇಕು ಅಂತ ಮೊದಲೇ ಮಾತಾಡಿಕೊಳ್ಳದಿದ್ದರೆ ಅದು ಬಾಡಿಗೆದಾರನ ತಲೆಗೇ. ಅರ್ಧ ಅರ್ಧ ಅಂತ ಒಪ್ಪಿಕೊಂಡರೆ ನಾನು ಅದನ್ನೂ ಒಂದು ಸಾಲು ಟೈಪ್ ಮಾಡಿ ಸೇರಿಸುತ್ತೇನೆ.